ತಂತಿ ಮೇಲಕ್ಕೆ, ಶಿಳ್ಳೆ ಕೆಳಕ್ಕೆ

ಗಿಟಾರ್ ಆಂಪ್‌ನ (ಆಂಪ್ಲಿಫೈಯರ್‌ನ) ಸದ್ದನ್ನು ಕಂಪ್ಯೂಟರ್‌ನೊಳಗೆ ಹುಟ್ಟಿಸುವ ಪ್ಲಗಿನ್, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಮ್, ಬರೆಯುವುದು ನನ್ನ ಕೆಲಸ. ಒಂದು ದಿನ ಗ್ರಾಹಕರೊಬ್ಬರಿಂದ ದೂರು ಬಂತು. "24ನೇ ಫ್ರೆಟ್‌ನಲ್ಲಿ ಬೆಂಡ್ ಮಾಡಿದರೆ ಹಿಂದೆ ಒಂದು ಸೊಳ್ಳೆ ಹಾಡುತ್ತೆ. ನಾನು ಮೇಲೆ ಹೋದರೆ ಅದು ಕೆಳಗೆ ಹೋಗುತ್ತೆ." 24ನೇ ಫ್ರೆಟ್ ಅಂದರೆ ಗಿಟಾರ್ ಕತ್ತಿನ ತುದಿಯ, ತುಂಬಾ ಎತ್ತರದ ಸ್ವರದ ಮನೆ. ಬೆಂಡ್ ಅಂದರೆ ತಂತಿಯನ್ನು ಬೆರಳಿನಿಂದ ಎಳೆದು ಸ್ವರ ಏರಿಸುವುದು.

ನಾನು ಹೆಡ್‌ಫೋನ್ ಹಾಕಿಕೊಂಡು ದಪ್ಪ ತಂತಿಗಳ ಮೇಲೆ ನಾಲ್ಕು ಪವರ್ ಕಾರ್ಡ್ (ಎರಡು ಮೂರು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬಾರಿಸಿದೆ. ಏನೂ ಕೇಳಲಿಲ್ಲ. "ಇಲ್ಲಿ ಸರಿಯಾಗಿದೆ, ನಿಮ್ಮ ಕೇಬಲ್ ಒಮ್ಮೆ ನೋಡಿ" ಎಂದು ಬರೆದು ಟಿಕೆಟ್ ಮುಚ್ಚಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರ ಕೊನೆಯ ವಾಕ್ಯದಲ್ಲೇ ಉತ್ತರ ಇತ್ತು. ಬೆರಳು ಮೇಲೆ ಹೋದಾಗ ಕೆಳಗೆ ಓಡುವ ಕೇಬಲ್ ಯಾವುದಿದೆ ಹೇಳಿ?

ಪುಣ್ಯಕ್ಕೆ ಅವರು ಬಿಡಲಿಲ್ಲ. ಆಂಪ್ ಇಲ್ಲದ ಬರಿ ಗಿಟಾರ್ ರೆಕಾರ್ಡಿಂಗ್ ಕಳಿಸಿದರು. ನನ್ನ ಪ್ರಾಜೆಕ್ಟ್‌ಗೆ ಹಾಕಿದೆ, ಆಗಲೂ ಶುದ್ಧವಾಗೇ ಇತ್ತು. ಆಮೇಲೆ ಫೈಲಿನ ಸ್ಯಾಂಪಲ್ ರೇಟ್, ಅಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಎಂಬುದನ್ನು ನೋಡಿದೆ: 44.1 ಕಿಲೋಹರ್ಟ್ಸ್, ಅಂದರೆ 44,100 ಸಲ. ನನ್ನ ಪ್ರಾಜೆಕ್ಟ್ ಯಾವಾಗಲೂ 96ರಲ್ಲಿ ಇರುತ್ತಿತ್ತು. 44.1ಕ್ಕೆ ಇಳಿಸಿ ಪ್ಲೇ ಒತ್ತಿದೆ. ಸೊಳ್ಳೆ ಬಂತು.

ಆಗುವುದು ಇಷ್ಟು. ಸ್ಯಾಂಪಲ್ ರೇಟ್‌ನ ಅರ್ಧದವರೆಗಿನ ಕಂಪನವನ್ನು ಮಾತ್ರ ಡಿಜಿಟಲ್ ಸದ್ದು ಹಿಡಿದಿಡಬಲ್ಲದು. 44.1ರಲ್ಲಿ ಅದು 22.05 ಕಿಲೋಹರ್ಟ್ಸ್. ಆದರೆ ಆಂಪ್ ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಅಂದರೆನೇ ಹೊಸ ಹಾರ್ಮೋನಿಕ್ (ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನ) ಹುಟ್ಟಿಸುವುದು. ಅವು ಗಡಿ ದಾಟಿದರೆ ಮಾಯವಾಗುವುದಿಲ್ಲ. ಪಂಚೆ ಎತ್ತಿ ಕಟ್ಟಿದಾಗ ಕೆಳಗಿನ ಅಂಚು ಮೇಲೆ ಬರುತ್ತದಲ್ಲ, ಹಾಗೆ ಮಡಚಿಕೊಳ್ಳುತ್ತವೆ. ಇಲ್ಲಿ ತಲೆಕೆಳಗು ಅಷ್ಟೇ, ಮೇಲಿನ ಅಂಚು ಕೆಳಗೆ ಬರುತ್ತದೆ. ಇದೇ ಏಲಿಯಾಸಿಂಗ್.

ಆ ದಿನ ಕಾಗದದ ಮೇಲೆ ಲೆಕ್ಕ ಹಾಕಿದೆ. ಮೊದಲ ತಂತಿಯ 24ನೇ ಫ್ರೆಟ್ ಸುಮಾರು 1,318.5 ಹರ್ಟ್ಸ್. ಅದರ 31ನೇ ಹಾರ್ಮೋನಿಕ್ 40,874ರ ಹತ್ತಿರ. 44,100ರಿಂದ ಕಳೆದರೆ 3,226. ತಂತಿಯನ್ನು ಅರ್ಧ ಸ್ವರ ಎಳೆಯಿರಿ, ಅದೇ ಹಾರ್ಮೋನಿಕ್ 43,304ಕ್ಕೆ ಏರುತ್ತದೆ, ಮಡಚಿದ್ದು 796ಕ್ಕೆ ಇಳಿಯುತ್ತದೆ. ಬೆರಳು ಅರ್ಧ ಸ್ವರ ಹತ್ತುವಷ್ಟರಲ್ಲಿ ಶಿಳ್ಳೆ ಎರಡು ಸಪ್ತಕ ಜಾರಿತು! ಅವರು ಬರೆದದ್ದು ಅಕ್ಷರಶಃ ನಿಜ.

ನನ್ನ ಪವರ್ ಕಾರ್ಡ್‌ನಲ್ಲಿ ಯಾಕೆ ಕೇಳಲಿಲ್ಲ? ದಪ್ಪ ತಂತಿ ಖಾಲಿ ಬಾರಿಸಿದರೆ 82 ಹರ್ಟ್ಸ್. ಗಡಿ ಮುಟ್ಟಲು 260ಕ್ಕೂ ಜಾಸ್ತಿ ಹಾರ್ಮೋನಿಕ್ ದಾಟಬೇಕು. ಟ್ಯೂಬ್ ಆಂಪ್‌ನಂತೆ ಸದ್ದನ್ನು ಒರಟಾಗಿಸುವ ನಮ್ಮ ಟ್ಯೂಬ್ ಕರ್ವ್ ಮೆತ್ತಗಿನದು, ಅಷ್ಟು ದೂರ ಹೋಗುವಷ್ಟರಲ್ಲಿ ಅವು ಸತ್ತೇ ಹೋಗಿರುತ್ತವೆ. 96ರಲ್ಲಿ ಮೇಲಿನ ಸ್ವರಕ್ಕೂ ಹೀಗೇ, ಗಡಿ ದೂರ. ಜೊತೆಗೆ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲೆ ಬೇಗ ಇಳಿದುಬಿಡುತ್ತದೆ. ಎತ್ತರದಲ್ಲಿ ಬಿದ್ದ ಕಸವನ್ನೆಲ್ಲ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ, ನಮ್ಮಲ್ಲಿ ಅದರ ನಕಲು) ಗುಡಿಸಿಹಾಕುತ್ತದೆ. ಮೂಲ ಸ್ವರಕ್ಕಿಂತ ಕೆಳಗೆ ಬಿದ್ದದ್ದನ್ನು ಯಾರು ಗುಡಿಸಬೇಕು? ಕಿವಿಗೂ ಅದನ್ನು ಮರೆಮಾಡುವುದು ಕಷ್ಟ. ಜೋರು ಸ್ವರ ತನಗಿಂತ ಮೇಲಿನದನ್ನು ಮುಚ್ಚುವಷ್ಟು ಚೆನ್ನಾಗಿ ಕೆಳಗಿನದನ್ನು ಮುಚ್ಚುವುದಿಲ್ಲ.

ಮದ್ದು ಹಳೆಯದೇ, ಓವರ್‌ಸ್ಯಾಂಪ್ಲಿಂಗ್. ಒಳಗೆ ರೇಟ್ ಹೆಚ್ಚಿಸಿ, ಡಿಸ್ಟಾರ್ಟ್ ಮಾಡಿ, ಗಡಿ ಮೇಲಿನದನ್ನು ಫಿಲ್ಟರ್‌ನಲ್ಲಿ ಕತ್ತರಿಸಿ, ಮತ್ತೆ ಇಳಿಸುವುದು. ಸಿಪಿಯು ಉಳಿಸೋಣ ಅಂತ ನಾನೇ ಅದನ್ನು ಡೀಫಾಲ್ಟ್‌ನಲ್ಲಿ ಆಫ್ ಮಾಡಿಟ್ಟಿದ್ದೆ. ಈಗ ಗಾಬರಿಯಲ್ಲಿ ಇಡೀ ಚೈನನ್ನು, ಅಂದರೆ ಸದ್ದು ಹಾದುಹೋಗುವ ಎಲ್ಲ ಹಂತಗಳನ್ನೂ, 8 ಪಟ್ಟಿಗೆ ಏರಿಸಿ ಕಳಿಸಿದೆ. ಅದೇ ಗ್ರಾಹಕರ ಉತ್ತರ: "ಸೊಳ್ಳೆ ಹೋಯ್ತು. ಈಗ ಲ್ಯಾಪ್‌ಟಾಪ್ ಫ್ಯಾನ್ ಹಾಡುತ್ತಿದೆ."

ಸರಿ, ಮತ್ತೆ ಕೂತೆ. ಕ್ಯಾಬಿನೆಟ್, ರಿವರ್ಬ್ (ಕೋಣೆಯ ಮಾರ್ದನಿ) ಹೊಸ ಕಂಪನ ಹುಟ್ಟಿಸುವುದಿಲ್ಲ. ಅವನ್ನು ಮೂಲ ರೇಟ್‌ಗೇ ಬಿಟ್ಟೆ. ಗೇನ್ ಹಂತಗಳನ್ನು, ಅಂದರೆ ಸದ್ದು ಏರಿಸಿ ಡಿಸ್ಟಾರ್ಟ್ ಮಾಡುವ ಭಾಗಗಳನ್ನು, ಒಂದೇ ಕಂತೆಯಾಗಿ ಕಟ್ಟಿ ಅದಕ್ಕೆ ಮಾತ್ರ ಓವರ್‌ಸ್ಯಾಂಪ್ಲಿಂಗ್ ಕೊಟ್ಟೆ. ಪ್ರತಿ ಹಂತಕ್ಕೂ ಏರಿಸಿ ಇಳಿಸಿದರೆ ಫಿಲ್ಟರ್‌ಗಳೇ ಜಾಸ್ತಿಯಾಗಿ ನುಡಿಸುವವರ ಕೈಗೆ ತಡ ಗೊತ್ತಾಗುತ್ತದೆ. 44.1 ಮತ್ತು 48ಕ್ಕೆ 4 ಪಟ್ಟು, 96ಕ್ಕೆ 2 ಪಟ್ಟು. ಓವರ್‌ಸ್ಯಾಂಪ್ಲಿಂಗ್ ಆನ್-ಆಫ್ ಬಟನ್ ತೆಗೆದುಹಾಕಿದೆ. ಆನ್ ಮಾಡಬೇಕೋ ಬೇಡವೋ ಎಂದು ಗಿಟಾರಿಸ್ಟ್ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಲ್ವಾ?

ಈಗ ಪ್ರತಿ ಬಿಲ್ಡ್ (ಪ್ಲಗಿನ್‌ನ ಹೊಸ ಆವೃತ್ತಿ) ಬಿಡುವ ಮೊದಲು 44.1ರಲ್ಲಿ, ಗೇನ್ ಪೂರ್ತಿ ಏರಿಸಿ, ಕ್ಯಾಬಿನೆಟ್ ಆಫ್ ಮಾಡಿ, 20 ಹರ್ಟ್ಸ್‌ನಿಂದ ಮೇಲಕ್ಕೆ ಒಂದು ಸೈನ್ ಸ್ವೀಪ್, ಅಂದರೆ ಮೆಲ್ಲಗೆ ಏರುತ್ತ ಹೋಗುವ ಶುದ್ಧ ಸ್ವರ, ಓಡಿಸುತ್ತೇನೆ. ಸದ್ದಿನ ಕಂಪನಗಳನ್ನು ಗೆರೆಯಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಎಲ್ಲ ಗೆರೆಗಳೂ ಮೇಲಕ್ಕೇ ಹತ್ತಬೇಕು. ಗಡಿಗೆ ಬಡಿದು ಕೆಳಗೆ ಬರುವ ಗೆರೆ ಕಂಡರೆ ಬಿಲ್ಡ್ ಹೊರಗೆ ಹೋಗುವುದಿಲ್ಲ. ಹೋದ ವಾರ ಒಂದು ಕಂಡಿತು, ತುಂಬಾ ಮಸುಕು. ಹುಡುಕಿದರೆ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್, ಅದನ್ನು ಕಂತೆಗೆ ಸೇರಿಸುವುದನ್ನೇ ಮರೆತಿದ್ದೆ.