ಲೆವೆಲ್‌ಗಿಂತ ಕಡಿಮೆಯಂತೆ

"ಅಮ್ಮಾ, ಈ ಬುಕ್ ನನ್ನ ಲೆವೆಲ್‌ಗಿಂತ ಕಡಿಮೆಯಂತೆ, ವಾಪಸ್ ಇಡು ಅಂದ್ರು ಟೀಚರ್." ಮಂಗಳವಾರ ಸ್ಕೂಲ್ ಬಸ್ಸಿಂದ ಇಳಿದವನೇ ಮಗ ಹೇಳಿದ ಮಾತು. ಬ್ಯಾಗ್ ತಗೊಂಡು ಮನೆ ಕಡೆ ನಡೀತಾ ಇನ್ನೊಂದ್ಸಲ ಕೇಳ್ದ, "ಕಡಿಮೆ ಇದ್ರೆ ಓದ್ಬಾರ್ದಾ?" ವಾರ ಪೂರ್ತಿ ನನ್ನ ತಲೇಲಿ ಇದೇ ಪ್ರಶ್ನೆ.

ಬುಕ್ ಯಾವುದು ಅಂದ್ರೆ ಷಾರ್ಲೆಟ್ಸ್ ವೆಬ್. ಇ.ಬಿ. ವೈಟ್ ಬರೆದು 1952ರಲ್ಲಿ ಬಂದಿದ್ದು, ಹಂದಿಮರಿ ವಿಲ್ಬರ್‌ನ ಕಡಿಯೋಕೆ ಬಿಡದೆ ಒಂದು ಜೇಡ ತನ್ನ ಬಲೇಲಿ ಅಕ್ಷರ ನೇಯ್ದು ಉಳಿಸೋ ಕಥೆ. ಇಲ್ಲಿ ಅಮೆರಿಕದಲ್ಲಿ ಮಗು ಓದೋ ಮಟ್ಟಕ್ಕೂ ಬುಕ್ಕಿನ ಕಷ್ಟಕ್ಕೂ ನಂಬರ್ ಕೊಡೋ ಒಂದು ಅಳತೆ ಇದೆ, ಲೆಕ್ಸೈಲ್ ಅಂತ. ಮೂರನೇ ಕ್ಲಾಸಿನ ನನ್ನ ಮಗನ ಲೆಕ್ಸೈಲ್ ಸ್ಕೋರ್ 820, ಅಂದ್ರೆ 720ರಿಂದ 870ರೊಳಗಿನ ಬುಕ್ ಅವನಿಗೆ ಸರಿ ಅಂತ ಲೆಕ್ಕ. ಇದಕ್ಕೆ 680 ಇದೆ, ಆಯ್ತು, ವಾಪಸ್ ಶೆಲ್ಫಿಗೆ.

ಈ ನಂಬರ್ ಬರೋದು ಹೇಗೆ? ವಾಕ್ಯ ಎಷ್ಟುದ್ದ, ಪದಗಳು ಎಷ್ಟು ಬಳಕೆಯವು, ಅಷ್ಟೇ. ಸ್ಟೈನ್‌ಬೆಕ್‌ನ ಗ್ರೇಪ್ಸ್ ಆಫ್ ರಾಥ್‌ಗೂ ಅದೇ 680! ಜಮೀನು ಕಳ್ಕೊಂಡು ಓಕ್ಲಹೋಮದಿಂದ ಕ್ಯಾಲಿಫೋರ್ನಿಯಾಗೆ ಗುಳೆ ಹೋಗೋ ಸಂಸಾರದ ಕಥೆ, ಅದನ್ನ ಮೂರನೇ ಕ್ಲಾಸಿನ ಮಗು ಕೈಗೆ ಯಾರಾದ್ರೂ ಕೊಡ್ತಾರಾ? ಕಥೆಯ ವಸ್ತು, ವಯಸ್ಸಿಗೆ ಒಪ್ಪುತ್ತಾ ಅನ್ನೋದೆಲ್ಲ ನಾವು ಅಳೆಯಲ್ಲ ಅಂತ ಲೆಕ್ಸೈಲ್‌ನೋರೇ ಹೇಳ್ತಾರೆ. ಇಲ್ಲಿನ ಶಾಲಾ ಲೈಬ್ರರಿಯನ್‌ಗಳ ಸಂಘ ಕೂಡ ಬುಕ್ಕಿಗೆ ಲೆವೆಲ್ ಲೇಬಲ್ ಹಚ್ಚೋದು ಬೇಡ ಅಂತ 2011ರಲ್ಲೇ ಹೇಳಿದೆ.

ನಮ್ಮ ಕಾಂಪ್ಲೆಕ್ಸಲ್ಲೇ ಇರೋ ಒಬ್ರು, ಅವರೂ ಕನ್ನಡದೋರೇ, ಮಗಳ ಸ್ಕೋರ್ ಏರಿದಾಗೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ತುಂಬ ಒಳ್ಳೆಯವರು, ಕಷ್ಟಕ್ಕೆ ಮೊದಲು ಓಡಿ ಬರೋದೂ ಅವರೇ, ಆದ್ರೆ ಆ ಹುಡುಗಿ ಕೈಲಿ ಅವಳಿಗಿಷ್ಟ ಆದ ಪುಸ್ತಕ ನಾನು ನೋಡೇ ಇಲ್ಲ. ಪಾಪ ಅನ್ಸುತ್ತೆ.

ಆ ಮಂಗಳವಾರಾನೇ ಪಬ್ಲಿಕ್ ಲೈಬ್ರರಿಗೆ ಹೋಗಿ ಅದೇ ಬುಕ್ ತಂದ್ವಿ. ಹೆಚ್ಚುಕಮ್ಮಿ 32,000 ಪದ, 22 ಚಾಪ್ಟರ್, ನಿಮಿಷಕ್ಕೆ 150 ಪದದಂಗೆ ಓದಿದ್ರೆ ಮೂರೂವರೆ ಗಂಟೆ ಅಂತ ನಮ್ಮೆಜಮಾನ್ರು ಲೆಕ್ಕ ಹಾಕಿದ್ರು. 20ನೇ ಚಾಪ್ಟರ್‌ವರೆಗೆ ಅವನು ಅದಕ್ಕಿಂತ ಬೇಗಾನೇ ಓದ್ದ. ಆಮೇಲೆ 21ನೇದು. ನಾಲ್ಕೈದು ಹಾಳೆ ಅಷ್ಟೇ. ಜಾತ್ರೆ ಮುಗಿದು ವಿಲ್ಬರ್ ಊರಿಗೆ ಹೊರಡ್ತಾನೆ, ಷಾರ್ಲೆಟ್ ಅಲ್ಲೇ ಉಳಿದು ಒಬ್ಳೇ ಸಾಯ್ತಾಳೆ. ಕೊನೆ ಸಾಲಿನ ಮೇಲೆ ಬೆರಳಿಟ್ಕೊಂಡು ಹಾಗೇ ಕೂತಿದ್ದ. "ಯಾರೂ ಇರ್ಲಿಲ್ವಾ ಅಮ್ಮಾ ಅವಳ ಹತ್ರ?" ಇರ್ಲಿಲ್ಲ ಕಂದ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ತಾತ ಹೋದಾಗ ಅಜ್ಜಿ ಇದ್ರಲ್ವಾ?"

ನಮ್ಮಪ್ಪ ಹಾಸನದಲ್ಲಿ ತೀರ್ಕೊಂಡಾಗ ನಮಗೆ ಹೋಗೋಕಾಗ್ಲಿಲ್ಲ, ಎಲ್ಲಾ ವಿಡಿಯೋ ಕಾಲಲ್ಲೇ ನೋಡಿದ್ದು. ಆಗ ಇವನು ಒಂದು ಮಾತೂ ಕೇಳಿರ್ಲಿಲ್ಲ, ಚಿಕ್ಕವನು, ಗೊತ್ತಾಗಿಲ್ಲ ಅಂತಾನೇ ಎಲ್ರೂ ಅಂದ್ಕೊಂಡಿದ್ವಿ. 21ನೇ ಚಾಪ್ಟರ್ ಓದಿದ ರಾತ್ರಿ ಊಟ ತಣ್ಣಗಾಗೋವರೆಗೂ ತಾತನ ಬಗ್ಗೇನೇ ಕೇಳ್ದ. ತಾತಂಗೆ ನೋವಾಯ್ತಾ, ಅಜ್ಜಿ ಕೈ ಹಿಡ್ಕೊಂಡಿದ್ರಾ, ತಾತ ನನ್ನ ಹೆಸ್ರು ಹೇಳಿದ್ರಾ. ಗೊತ್ತಿದ್ದಷ್ಟು ಹೇಳ್ದೆ. 22ನೇ ಚಾಪ್ಟರ್ ಮಾರನೇ ದಿನಕ್ಕೆ ಹೋಯ್ತು.

ಅವನ ರೀಡಿಂಗ್ ಲಾಗಲ್ಲಿ ದಿನಾ 20 ನಿಮಿಷ ಓದಿದಾನೆ ಅಂತ ನಾನು ಸೈನ್ ಮಾಡ್ಬೇಕು. ಅವತ್ತಿನ ಸಾಲಲ್ಲಿ ನಿಮಿಷ ಬರೀಲಿಲ್ಲ, "21ನೇ ಚಾಪ್ಟರ್, ಇಡೀ ಸಂಜೆ" ಅಂತ ಬರೆದು ಸೈನ್ ಹಾಕ್ದೆ. ಟೀಚರ್ ಮೇಲೆ ನನಗೆ ಕೋಪ ಇಲ್ಲ, ಅಷ್ಟೊಂದು ಮಕ್ಕಳನ್ನ ಸಂಭಾಳಿಸೋರಿಗೆ ಒಂದು ಅಳತೆ ಬೇಕು, ಓದೋಕೆ ತಡವರಿಸೋ ಮಗೂನ ಗುರುತಿಸೋಕೆ ಅದು ಉಪಯೋಗಕ್ಕೂ ಬರುತ್ತೆ. ಆದ್ರೆ ಮಗು ತಾನಾಗೇ ಆರಿಸ್ಕೊಂಡ ಬುಕ್ಕನ್ನ ನಂಬರ್ ನೋಡಿ ಕೈಯಿಂದ ತಗೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಸೋಮವಾರ ಭೇಟಿಗೆ ಟೈಮ್ ಕೇಳಿ ಮೇಲ್ ಹಾಕಿದೀನಿ, ಲಾಗನ್ನೂ ತಗೊಂಡು ಹೋಗ್ತೀನಿ.