ಬೋರ್ಡ್ ಬರೆಯುವವನ ಫೆಂಡರ್

"ನಂಗೊತ್ತು ಕಣಪ್ಪ. ಅದ ಬರ್ಸಿದ್ದೇ ನಾನು."

ಕಳೆದ ಭಾನುವಾರ ಮಂಡ್ಯದ ಗುತ್ತಲು ಕಡೆ ಒಂದು ಮನೆಯ ಜಗುಲಿಯಲ್ಲಿ ಕೇಳಿದ ಈ ಮಾತು ವಾರವೆಲ್ಲ ತಲೆಯಲ್ಲೇ ಕೂತಿದೆ. ಹೇಳಿದವರಿಗೆ ಎಪ್ಪತ್ತು ದಾಟಿದೆ. ಗಣೇಶನ ಪೆಂಡಾಲು, ಊರಹಬ್ಬ, ಮದುವೆ ಮನೆ ಅಂತ ಮಂಡ್ಯ ಸುತ್ತಮುತ್ತ ಆರ್ಕೆಸ್ಟ್ರಾದಲ್ಲಿ ಬಾಸ್, ಅಂದರೆ ತಗ್ಗಿನ ಸ್ವರದ ಗಿಟಾರು, ನುಡಿಸಿಕೊಂಡು ಬಂದವರು. ನನ್ನನ್ನು ಮೈಸೂರಿಂದ ಕರೆಸಿದ್ದು ಅವರಲ್ಲ, ಅವರ ಮಗ. ಅಟ್ಟ ಕ್ಲೀನ್ ಮಾಡುವಾಗ ಅಪ್ಪನ ಹಳೇ ಬಾಸ್ ಸಿಕ್ಕಿತಂತೆ. "ಫೆಂಡರ್ ಸಾರ್, ಯಾವ ವರ್ಷದ್ದು ಅಂತ ನೀವು ಹೇಳ್ಬಿಟ್ರೆ ಸಾಕು" ಅಂತ ವಾಟ್ಸಾಪಿನಲ್ಲಿ ಫೋಟೋ ಹಾಕಿದ್ದ. ಬರೀ ಹೆಡ್‌ಸ್ಟಾಕ್ ಫೋಟೋ, ಅಂದರೆ ಅಮೆರಿಕದ ಫೆಂಡರ್ ಕಂಪನಿಯ ಹೆಸರು ಕಾಣುವ ತಲೆಭಾಗ. ಮಾರುವ ಆಸೆ ಇರುವವರೆಲ್ಲ ಕಳಿಸುವುದು ಅದನ್ನೇ. ಹಿಂಭಾಗ, ತಂತಿಯ ಸದ್ದು ಹಿಡಿಯುವ ಪಿಕಪ್ಪು, ಬ್ರಿಡ್ಜು ಯಾರಿಗೂ ಬೇಡ.

ಮಗ ಸೈಟ್ ವ್ಯವಹಾರದವನು, ಕೆಟ್ಟವನಲ್ಲ. ಆದರೆ ಅಪ್ಪನಿಗೆ ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಕೊಡುವ ಜಾತಿ. ಎಲ್ಲಿ ತಗೊಂಡಿರಿ ಅಂದರೆ "ಅಪ್ಪಾಜಿಗೆ ಅದೆಲ್ಲ ನೆನಪಿಲ್ಲ ಸಾರ್". ಯಾವಾಗ ಅಂದರೆ "ಬಾಳ ಹಳೇದು ಸಾರ್". ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಪಿಕಪ್ ಕವರ್ ಬಿಚ್ಚುವಾಗ ಮಾತ್ರ ಬಾಯಿ ಬಿಟ್ಟರು: "ಎಡಗಡೆ ಸ್ಕ್ರೂ ಥ್ರೆಡ್ ಹೋಗೈತೆ, ಹಗೂರಕ್ಕೆ." ನೆನಪಿಲ್ಲದವರು ಆಡುವ ಮಾತಲ್ಲ ಅದು.

ಮೊದಲು ಟೇಪ್ ಹಿಡಿದೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬಾಸ್, 1960ರ ಜಾಝ್ ಬಾಸ್, ಎರಡರ ಸ್ಕೇಲೂ, ಅಂದರೆ ನುಡಿಯುವ ತಂತಿಯ ಉದ್ದ, 34 ಇಂಚು. ತಂತಿ ಶುರುವಾಗುವಲ್ಲಿಂದ ಹನ್ನೆರಡನೇ ಫ್ರೆಟ್‌ವರೆಗೆ (ಫ್ರೆಟ್ ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಅಳೆದು ಎರಡರಿಂದ ಗುಣಿಸಿದರೆ ಸ್ಕೇಲ್ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು 15, ಅಂದರೆ 30. ಮಗ ಗೂಗಲ್ ಮಾಡಿಕೊಂಡೇ ಕೂತಿದ್ದ. "ಮಸ್ಟಾಂಗ್ ಇರ್ಬೋದಲ್ವಾ ಸಾರ್? 1966?" ತಪ್ಪು ಪ್ರಶ್ನೆಯಲ್ಲ, ಫೆಂಡರ್‌ನವರ ಮಸ್ಟಾಂಗ್ ಬಾಸ್ 30 ಇಂಚಿನದೇ. ಆದರೆ ನಟ್ ಪಕ್ಕದಲ್ಲಿ, ತಂತಿ ಕತ್ತಿಗೆ ಇಳಿಯುವಲ್ಲೇ, ಝೀರೋ ಫ್ರೆಟ್ ಅನ್ನುವ ಹೆಚ್ಚಿನ ಫ್ರೆಟ್ ಒಂದು ಇತ್ತು, ಮಸ್ಟಾಂಗಿಗೆ ಅದಿಲ್ಲ. ಹಿಂದೆ ಕತ್ತನ್ನು ಮೈಗೆ ಕಚ್ಚಿಸುವ ನೆಕ್ ಪ್ಲೇಟಿನ ಮೇಲೆ 'ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್' ಎಂದು ಒತ್ತಿತ್ತು. ಅರವತ್ತು-ಎಪ್ಪತ್ತರ ದಶಕದ ಜಪಾನಿ ಗಿಟಾರುಗಳಲ್ಲಿ ಕಾಣುವ ಪ್ಲೇಟು ಅದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಗನ ಮುಖ ನೋಡಿ ಪೂರ್ತಿ ತೋರಿಸಿಯೇ ಬಿಡೋಣ ಅನ್ನಿಸಿತು.

ನೆಕ್ ಬಿಚ್ಚಿದೆ. ಹಳೇ ಫೆಂಡರ್ ಆಗಿದ್ದರೆ ಅದರ ಬುಡದಲ್ಲಿ ಪೆನ್ಸಿಲ್ಲಿನಲ್ಲೋ ಸ್ಟಾಂಪಿನಲ್ಲೋ ತಾರೀಕು ಇರಬೇಕು. ಇಲ್ಲಿ ಬರೀ ಅಂಟಿನ ಕಲೆ. ವಾಲ್ಯೂಮ್ ಪಾಟ್, ಅಂದರೆ ಸದ್ದಿನ ಗುಬುಟಿನಡಿಯ ಬಿಡಿಭಾಗ, ಮಗುಚಿ ನೋಡಿದೆ. ಅಮೆರಿಕದ್ದಾದರೆ ಸಾಮಾನ್ಯವಾಗಿ ಬೆನ್ನ ಮೇಲೆ 137 ಅಥವಾ 304ರಿಂದ ಶುರುವಾಗುವ ಅಂಕಿ ಸಿಗುತ್ತದೆ. 1376635 ಅಂತಿದ್ದರೆ ಸಿಟಿಎಸ್ ಕಂಪನಿಯದು, 1966ನೇ ಇಸವಿ 35ನೇ ವಾರದ್ದು. ಇಲ್ಲಿದ್ದದ್ದು ಒಂದು ಪುಟಾಣಿ ಪಾಟ್, ಬೆನ್ನು ಬೋಳು. ಪಿಕಪ್ ಕೂರುವ ಗುಳಿಯೊಳಗೆ ಟಾರ್ಚ್ ಬಿಟ್ಟರೆ ಪದರ ಪದರವಾಗಿ ಪ್ಲೈವುಡ್. ಜಪಾನಿನಲ್ಲಿ ಒಂದೇ ಕಾರ್ಖಾನೆ ಹತ್ತಾರು ಹೆಸರಲ್ಲಿ, ಕೆಲವೊಮ್ಮೆ ಹೆಸರೇ ಇಲ್ಲದೆ, ಹಡಗಿಗೆ ತುಂಬಿ ಕಳಿಸುತ್ತಿದ್ದ ಕಾಲದ ಮಾಲು.

ಹಾಗಾದರೆ ಹೆಡ್‌ಸ್ಟಾಕ್ ಮೇಲಿನ ಚಿನ್ನದ ಬಣ್ಣದ ಫೆಂಡರ್? ಭೂತಗನ್ನಡಿ ಹಿಡಿದರೆ ಬ್ರಷ್ಷಿನ ಗೆರೆ ಕಾಣುತ್ತಿತ್ತು. ಮೊದಲ ಅಕ್ಷರದ ತಲೆ ಬಾಗಿಸಿದ ರೀತಿ, ಅದರಡಿ ಒಂದೆಳೆ ಕೆಂಪು ನೆರಳು, ಕೊನೆಯ ಅಕ್ಷರದ ಬಾಲವನ್ನು ಎಳೆದು ಕೆಳಗೊಂದು ಅಲೆ. ನಮ್ಮೂರ ಸ್ವೀಟ್ ಸ್ಟಾಲಿನ ಬೋರ್ಡಿನಲ್ಲಿ ನೋಡಿದ ಕೈಚಳಕ.

"ಇದು ಫೆಂಡರ್ ಅಲ್ಲ" ಎಂದೆ, ಮಗನ ಕಡೆ ತಿರುಗಿ. ಉತ್ತರ ಬಂದದ್ದು ಪ್ಲಾಸ್ಟಿಕ್ ಕುರ್ಚಿಯಿಂದ.

"ನಂಗೊತ್ತು ಕಣಪ್ಪ. ಅದ ಬರ್ಸಿದ್ದೇ ನಾನು."

ಪೇಟೆ ಬೀದಿಯ ಬೋರ್ಡ್ ಬರೆಯುವವನ ಹತ್ತಿರ, ಯಾವುದೋ ಇಂಗ್ಲಿಷ್ ಪತ್ರಿಕೆಯ ಫೋಟೋ ತೋರಿಸಿ ಬರೆಸಿದ್ದಂತೆ. ಫಾರಿನ್ ಬಾಸ್ ಅಂದರೆ ಪಾರ್ಟಿಯವರು ರೇಟು ಜಾಸ್ತಿ ಕೊಡುತ್ತಿದ್ದರಂತೆ. "ಜಪಾನೂ ಫಾರಿನ್ನೇ ಅಲ್ವಾ" ಅಂದೆ. "ಜಪಾನು ಅಂದ್ರೆ ರೇಡಿಯೋ ಅಂದ್ಕೊಳೋರು" ಅಂದರು. ಮಗ ಫೋನ್ ನೋಡಿಕೊಂಡು ಅಂಗಳಕ್ಕೆ ಇಳಿದ.

ನನ್ನನ್ನು ಕಾಡುತ್ತಿರುವುದು ಆಮೇಲೆ ಹೊಳೆದದ್ದು. ವಿಷಯ ಗೊತ್ತಿದ್ದವರು ಇಷ್ಟು ದಿನ ಸುಮ್ಮನಿದ್ದದ್ದು ಯಾಕೆ? ಮಗ ಯೂಟ್ಯೂಬ್ ನೋಡಿ ಲಕ್ಷದ ಲೆಕ್ಕ ಹಾಕಿದ, ನನ್ನನ್ನು ಕರೆಸಿದ, ಊಟಕ್ಕೆ ಕೋಳಿ ತರಿಸಿದ. ಒಂದು ಮಾತಲ್ಲಿ ಮುಗಿಸಬಹುದಿತ್ತು. ಕೇಳಲು ಬಾಯಿ ಬರಲಿಲ್ಲ. ಬಹುಶಃ ಆ ಮನೆಯಲ್ಲಿ ಅವರ ಬಾಸಿನ ಬಗ್ಗೆ ಯಾರಾದರೂ ಅಷ್ಟು ದಿನ ಒಂದೇ ಸಮನೆ ಮಾತಾಡಿದ್ದು ಅದೇ ಮೊದಲಿರಬೇಕು. ಆರ್ಕೆಸ್ಟ್ರಾದಲ್ಲಿ ಗಾಯಕರಿಗೆ ಶಿಳ್ಳೆ, ಕೀಬೋರ್ಡಿನವನಿಗೆ ಹಾರ, ಡ್ರಮ್ ಬಾರಿಸುವವನ ಸುತ್ತ ಹುಡುಗರು. ಬಾಸಿನವನು ಆಂಪ್ಲಿಫೈಯರ್ ಪಕ್ಕ ಕತ್ತಲಲ್ಲಿ. ಇದು ನನ್ನ ಊಹೆಯಷ್ಟೇ, ಕೋಳಿ ಸಾರಿನ ಆಸೆಗೆ ಸುಮ್ಮನಿದ್ದರೋ ಏನೋ.

ಒಂದು ವಿಷಯದಲ್ಲಂತೂ ನನಗೆ ಅನುಮಾನವಿಲ್ಲ. ಈಗ ಫೆಂಡರ್ ಡೆಕಾಲ್ (ಹೆಡ್‌ಸ್ಟಾಕಿಗೆ ಅಂಟಿಸುವ ಹೆಸರಿನ ಚೀಟಿ) ಕಳ್ಳತನದಲ್ಲಿ ಪ್ರಿಂಟ್ ಮಾಡಿ, ನೆಕ್ ಬುಡಕ್ಕೆ ಸುಳ್ಳು ತಾರೀಕು ಬರೆದು, ಬಣ್ಣ ಕೆರೆದು ಹಳೇದು ಮಾಡಿ ಮಾರುವವರಿದ್ದಾರೆ. 1965ರಲ್ಲಿ ಫೆಂಡರ್ ಕಂಪನಿ ಸಿಬಿಎಸ್ ಅನ್ನುವ ಅಮೆರಿಕದ ಪ್ರಸಾರ ಕಂಪನಿಯ ಪಾಲಾಯಿತಲ್ಲ, ಅದಕ್ಕಿಂತ ಹಿಂದಿನದು ಅಂದರೆ ಬೆಲೆ ಏರುವುದರಿಂದ ಈ ಆಟ. ಮಂಡ್ಯದ ಆ ಬೋರ್ಡಿನವನೂ ಮಾಡಿದ್ದು ನಕಲೇ, ಪಾರ್ಟಿಯವರಿಗೆ ಹಾಕಿದ್ದು ಟೋಪಿಯೇ. ಆದರೂ ಈ ಎರಡನ್ನು ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ನ್ಯಾಯ ಅಲ್ಲ ಅನ್ನುವವರು ಅನ್ನಲಿ. ಐದನೇ ಫ್ರೆಟ್ ಹತ್ತಿರ ಸವೆದ ಜಾಗಕ್ಕೆ ಮೈಸೂರಿನ ಇನ್‌ಲೇ ಕೆಲಸದವರೊಬ್ಬರು ಬೀಟೆಯ ತುಂಡು ಕೂರಿಸಿದ್ದಾರೆ. ಉಗುರು ಆಡಿಸಿದರೂ ಸಂದು ಸಿಗುವುದಿಲ್ಲ. ಸಂಗ್ರಹಕಾರರ ಪಟ್ಟಿಯಲ್ಲಿ ಇದೂ ಒಂದು ಊನವೇ, ಒರಿಜಿನಲ್ ಅಲ್ಲ ಅಂತ ಬೆಲೆ ಇಳಿಸುತ್ತಾರೆ. ಬಿಡಿ ಭಾಗ ಸಿಗದ ಊರಲ್ಲಿ ಒಂದು ವಾದ್ಯ ವರ್ಷಗಟ್ಟಲೆ ಸ್ಟೇಜ್ ಹತ್ತಿದ್ದು ಇಂಥ ಕೈಗಳಿಂದ. ಅದನ್ನು ಬರೆದಿಡಲು ನಮ್ಮ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ಫೋಟೋ ನೋಡಿದ ಬೆಂಗಳೂರಿನ ಗೆಳೆಯನೊಬ್ಬ, ಲೋಗೋ ಥಿನ್ನರ್ ಹಾಕಿ ಒರೆಸಿಬಿಟ್ಟರೆ ಕ್ಲೀನ್ ಜಪಾನಿ ಪೀಸ್ ಆಗಿ ತಾನೇ ತಗೋತೀನಿ ಅಂದ. ಒಳ್ಳೆಯ ರೇಟೇ ಹೇಳಿದ. ಮಗನಿಗೆ ಎರಡನ್ನೂ ಮೆಸೇಜ್ ಮಾಡಿದ್ದೇನೆ: ಅವನು ಹೇಳಿದ ರೇಟು, ಮತ್ತು ಥಿನ್ನರ್ ಮುಟ್ಟಿಸಬೇಡಿ ಎಂದು. ನೀಲಿ ಟಿಕ್ ಬಿದ್ದಿದೆ, ಉತ್ತರ ಇನ್ನೂ ಇಲ್ಲ.