ಕರುಳಿನ ಪಂಪು: ನಾಲ್ಕನೇ ಸಲ

ಕಾಳುಮೆಣಸು ಕರುಳಿನ ಪಂಪನ್ನು ತಡೆಯುತ್ತದಾ ಅಂತ ನೋಡುವ ನನ್ನ ಪ್ರಯೋಗದಲ್ಲಿ, ಇವತ್ತು ಕೊನೆಗೂ ಆಡಿನ ಕರುಳಿನಿಂದ ಮಾಡಿದ ಮೂರು ಚೀಲಗಳಲ್ಲಿ ಮೂರು ಬೇರೆ ಬೇರೆ ಅಂಕಿ ಬಂತು. ಹಿಂದಿನ ಮೂರು ಸಲವೂ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಬಂದು ತಲೆ ಕೆಟ್ಟಿತ್ತು.

ಹೊಸಬರಿಗೆ ಎರಡು ಮಾತು. ನುಂಗಿದ ಮಾತ್ರೆಯೆಲ್ಲ ರಕ್ತ ಸೇರುವುದಿಲ್ಲ. ಸಣ್ಣ ಕರುಳಿನ ಒಳಗೋಡೆಯ ಕೋಶಗಳಲ್ಲಿ ಪಿ-ಗ್ಲೈಕೋಪ್ರೋಟೀನ್ ಅಂತ ಒಂದು ಪಂಪ್ ಇದೆ. ಒಳಗೆ ನುಸುಳಿದ ಕೆಲವು ಔಷಧಿಗಳನ್ನು ಹಿಡಿದು ವಾಪಸ್ ಕರುಳಿಗೇ ಎಸೆಯುತ್ತದೆ. 1976ರಲ್ಲಿ ಜೂಲಿಯಾನೋ ಮತ್ತು ಲಿಂಗ್ ಇದನ್ನು ಗುರುತಿಸಿದ್ದು ಕರುಳಿನಲ್ಲಲ್ಲ, ಔಷಧಿಗೆ ಬಗ್ಗದ ಹ್ಯಾಮ್‌ಸ್ಟರ್ ಕೋಶಗಳಲ್ಲಿ. ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್ ಈ ಪಂಪನ್ನು ತಡೆಯುತ್ತದೆ ಅಂತ ಓದಿದ ಮೇಲೆ ಶಿರಸಿ ಕಡೆಯ ನಾನು ಸುಮ್ನೆ ಕೂರುತ್ತೇನಾ? ಅಡಿಕೆ ಮರಕ್ಕೆ ಹಬ್ಬಿದ ನಮ್ಮದೇ ಬಳ್ಳಿಯ ಮೆಣಸನ್ನು ಕಾರವಾರಕ್ಕೆ ಹೊತ್ತು ತಂದೆ. "ಮೆಣಸು ಹಾಳ್ ಮಾಡಡ" ಅಂದಿದ್ದಳು ಆಯಿ. ಪುಡಿಯನ್ನು ಆಲ್ಕೋಹಾಲ್‌ನಲ್ಲಿ ಕುದಿಸಿ, ಸೋಸಿ, ಕಾಸ್ಟಿಕ್ ಪೊಟ್ಯಾಶ್ ಹಾಕಿ ರಾಳ ಇಳಿಸಿ ಎರಡು ದಿನ ಇಟ್ಟೆ. ತಳದಲ್ಲಿ ಹಳದಿ ಸೂಜಿಗಳು! 130 ಡಿಗ್ರಿ ಆಸುಪಾಸಿನಲ್ಲಿ ಕರಗಿದವು. ಪೈಪರಿನ್ನೇ.

ಆಡಿನ ಕರುಳಿನ ವಿಷಯ ಮಾತ್ರ ಆಯಿಗೆ ಇನ್ನೂ ಹೇಳಿಲ್ಲ.

ವಿಧಾನ ಹಳೆಯದು, 1954ರದ್ದು. ಬೆರಳುದ್ದದ ಕರುಳನ್ನು ಗಾಜಿನ ಕಡ್ಡಿಗೆ ಏರಿಸಿ, ಕಾಲುಚೀಲ ತಿರುವಿದ ಹಾಗೆ ಒಳಮೈ ಹೊರಗೆ ಮಾಡಬೇಕು. ಒಂದು ತುದಿ ದಾರದಲ್ಲಿ ಕಟ್ಟಿ, ಒಳಗೆ ಕ್ರೆಬ್ಸ್ ದ್ರಾವಣ (ಕೋಶಗಳು ಬದುಕಿರಲು ಬೇಕಾದ ಲವಣಗಳ ನೀರು) ತುಂಬಿ, ಇನ್ನೊಂದು ತುದಿಯನ್ನೂ ಕಟ್ಟಬೇಕು. ಹೊರಗಿನ ಬೀಕರಿನಲ್ಲಿ ರೋಡಮಿನ್ 123. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಬಣ್ಣ, ಈ ಪಂಪ್ ಎತ್ತಿ ಎಸೆಯುವಂಥದ್ದು. ಚೀಲದೊಳಗೆ ಎಷ್ಟು ಬಣ್ಣ ಸೇರಿತು ಅನ್ನುವುದೇ ಲೆಕ್ಕ: ಪಂಪ್ ತಡೆದಷ್ಟೂ ಒಳಗೆ ಬಣ್ಣ ಜಾಸ್ತಿ.

ಮೊದಲ ಮೂರು ಸಲ ಪೈಪರಿನ್ ಮೇಲೆ ಅನುಮಾನಪಟ್ಟು ಅದನ್ನೇ ತೊಳೆದು ತೊಳೆದು ಶುದ್ಧ ಮಾಡಿದೆ. ತಪ್ಪು ಅಲ್ಲಿರಲಿಲ್ಲ. ಪಂಪ್ ಓಡುವುದು ಎಟಿಪಿಯಿಂದ, ಅಂದರೆ ಜೀವಂತ ಕೋಶದ ಇಂಧನದಿಂದ. ನನ್ನ ಕರುಳು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎರಡು ಮೂರು ತಾಸು ಸೆಕೆಯಲ್ಲಿ ಬಿದ್ದು ಸತ್ತೇ ಹೋಗಿತ್ತು. ಕರೆಂಟೇ ಇಲ್ಲದಾಗ ತೋಟದ ಪಂಪಿನ ಫುಟ್‌ವಾಲ್ವ್ ಬಿಚ್ಚಿ ನೋಡಿದ ಹಾಗಾಯಿತು! ವೆರಪಾಮಿಲ್ ಅಂತ ಪಂಪನ್ನು ಗ್ಯಾರಂಟಿಯಾಗಿ ತಡೆಯುವ ಔಷಧಿ ಹಾಕಿದ ಚೀಲದಲ್ಲೂ ವ್ಯತ್ಯಾಸ ಬಾರದಿದ್ದಾಗಲೇ ನನಗೆ ಹೊಳೆಯಬೇಕಿತ್ತು.

ಈ ಸಲ ಮೀನು ಮಾರ್ಕೆಟ್ಟಿನಲ್ಲಿ ಐಸ್ ತುಂಬಿಸಿಕೊಂಡು, ಬೆಳಿಗ್ಗೆ ಆಡು ಕೊಯ್ಯುವ ಹೊತ್ತಿಗೇ ಹೋಗಿ ನಿಂತೆ. ಕರುಳು ನೇರವಾಗಿ ಗ್ಲೂಕೋಸ್ ಇರುವ ತಣ್ಣನೆಯ ಕ್ರೆಬ್ಸ್‌ಗೆ. ಲ್ಯಾಬಿನಲ್ಲಿ 37 ಡಿಗ್ರಿ, ಜೊತೆಗೆ ಬುಳುಬುಳು ಆಕ್ಸಿಜನ್. ಸಾದಾ ಚೀಲದಲ್ಲಿ ಬಣ್ಣ ಕಮ್ಮಿ, ವೆರಪಾಮಿಲ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ, ಪೈಪರಿನ್ ಇವೆರಡರ ನಡುವೆ.

ರೂಮ್‌ಮೇಟ್ ಕೇಳಿದಳು, ಹಾಗಾದರೆ ಮಾತ್ರೆ ಜೊತೆ ಮೆಣಸಿನ ಕಷಾಯ ಕುಡಿಯೋದಾ ಅಂತ. ಬೇಡವೇ ಬೇಡ. ಈ ಪಂಪ್ ಕಾವಲುಗಾರನೂ ಹೌದು. ಹೃದಯದ ಡಿಗಾಕ್ಸಿನ್ ಜೊತೆ ಪಂಪ್ ತಡೆಯುವ ಕ್ವಿನಿಡಿನ್ ಸೇರಿದರೆ ರಕ್ತದಲ್ಲಿ ಡಿಗಾಕ್ಸಿನ್ ವಿಷದ ಮಟ್ಟಕ್ಕೆ ಏರಬಹುದು.

ಕುಣಿಯುವ ಹೊತ್ತಿಗೆ ಒಂದು ಎಡವಟ್ಟು ಕಣ್ಣಿಗೆ ಬಿತ್ತು. ಪೈಪರಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ಸ್ವಲ್ಪ ಆಲ್ಕೋಹಾಲ್ ಬಳಸಿದ್ದೆ. ಅಷ್ಟೇ ಆಲ್ಕೋಹಾಲನ್ನು ಉಳಿದೆರಡಕ್ಕೂ ಹಾಕಬೇಕಿತ್ತು, ಹಾಕಿಲ್ಲ. ಬಣ್ಣ ಒಳಗೆ ಬಿಟ್ಟದ್ದು ಮೆಣಸೋ ಆಲ್ಕೋಹಾಲೋ? ಭಾನುವಾರ ಮತ್ತೆ ಐಸ್ ಡಬ್ಬಿ ಹಿಡಿದು ಹೊರಡುವುದೇ. ಅಂಗಡಿಯವರಿಗೆ ಹೇಳಿಟ್ಟಿದ್ದೇನೆ.